ನಲವತ್ತೆರಡನೆಯ ಮೆಟ್ಟಿಲು

"ಮುಟ್ಟಬ್ಯಾಡ್ರಿ!"

ಅರುಣಾಳ ದನಿ ಅವಳಿಗೇ ಹೊಸದೆನಿಸುವಷ್ಟು ಜೋರಾಗಿ ಬಂತು. ಪ್ಯಾನಲ್ಲಿನ ಕಬ್ಬಿಣದ ಬಾಗಿಲೊಳಗೆ ತೂರಿದ್ದ ಪೇದೆಯ ಕೈ ಸ್ಕ್ರೂಡ್ರೈವರ್ ಸಮೇತ ಅಲ್ಲೇ ನಿಂತಿತು. ಅವನ ಹಿಂದೆ ಇಬ್ಬರು ಪಂಚರು, ಒಂದು ತುಂಡು ಬಿಳಿ ಬಟ್ಟೆ, ಅರಗು, ಮೇಣದಬತ್ತಿ. ಪಂಚನಾಮೆಗೆ ಎಲ್ಲವೂ ಸಿದ್ಧವಾಗಿತ್ತು.

"ಏನಾತ್ರಿ ಮೇಡಂ? ಶಾಕ್ ಹೊಡೀತೈತೇನು?" ಎಂದ ಬ್ಯಾಡಗಿಯ ಪಿಎಸ್‌ಐ ಮಾಂತೇಶ.

"ನಿಮಗ ಹೊಡಿಯೂದಿಲ್ರಿ. ಹೊಳಿಯಪ್ಪಗ ಹೊಡೀತೈತಿ."

ಸಂಕ್ರಮಣದ ಮರುದಿನ ಈ ಮೆಣಸಿನಪುಡಿ ಕಾರ್ಖಾನೆಯಲ್ಲಿ ಗಿರಣಿಯ ಮುಚ್ಚಳ ತೆರೆದು ಒಳಗೆ ಕೈಹಾಕಿ ಬಳಿಯುತ್ತಿದ್ದ ತಿರಕಪ್ಪ, ಗಿರಣಿ ಏಕಾಏಕಿ ತಿರುಗಿ ಸತ್ತಿದ್ದ. ಗಿರಣಿ ನಡೆಸುತ್ತಿದ್ದ ಹೊಳಿಯಪ್ಪ ಐದು ದಿನದಿಂದ ಕಂಬಿಯ ಹಿಂದಿದ್ದ. ಹಾವೇರಿಯ ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಗಳ ನಿಯಂತ್ರಣ ಕಲಿಸುವ ಅರುಣಾಳನ್ನು ಸಲಹೆಗೆಂದು ಕರೆಸಿದವನು ಮಾಂತೇಶನೇ. ಈಗ ಅವಳ ಸಲಹೆಗೆ ಕಾಯದೆ ಪೆಟ್ಟಿಗೆ ಕೀಳಲು ಹೊರಟವನೂ ಅವನೇ.

ಅವಳು ಮುಂದೆ ಬಂದು ಪ್ಯಾನಲ್ಲಿನೊಳಗೆ ಬೆರಳು ತೋರಿದಳು. ವೈರುಗಳ ಜಡೆಯ ನಡುವೆ ಊಟದ ಡಬ್ಬಿಯಷ್ಟು ದೊಡ್ಡ ಬೂದು ಪೆಟ್ಟಿಗೆ. ಕಾರ್ಖಾನೆಯವರೆಲ್ಲ ಪಿಎಲ್‌ಸಿ ಎಂದು ಕರೆಯುವ ಅದು ಗಿರಣಿಯ ಮಿದುಳು. ಯಾವ ಮೋಟಾರು ಯಾವಾಗ ತಿರುಗಬೇಕು, ಯಾವಾಗ ತಿರುಗಬಾರದು ಎಂಬುದೆಲ್ಲ ಅದರೊಳಗಿತ್ತು. ಅದರ ಮೂಲೆಯಲ್ಲಿ ಜೋಳದ ಕಾಳಿನಷ್ಟು ಚಿಕ್ಕದೊಂದು ಕೆಂಪು ದೀಪ ಉರಿಯುತ್ತಿತ್ತು.

"ಈ ದೀಪ ಹತ್ತೇತಲ್ರಿ, ಅಂದ್ರ ಒಳಗಿನ ಬ್ಯಾಟರಿ ಸತ್ತೈತಿ. ಯುಪಿಎಸ್‌ನಿಂದ ಕರೆಂಟ್ ಬರೂತನಕ ಮಾತ್ರ ಇದಕ್ಕ ನೆನಪೈತಿ. ವೈರ್ ಕಿತ್ತ ಕ್ಷಣ ಎಲ್ಲಾ ಅಳಿಸಿ ಹೋಗ್ತೈತಿ. ಆಮ್ಯಾಲ ನೀವು ಅರಗಿನ ಮುದ್ರಿ ಒತ್ತಿ ಕೋರ್ಟಿಗೆ ಒಯ್ಯೂದು ಖಾಲಿ ಡಬ್ಬಿ."

ಪೇದೆ ಹಾವಿನ ಹುತ್ತದಿಂದ ಕೈ ತೆಗೆದಂತೆ ಕೈ ತೆಗೆದ.

ಮಾಂತೇಶ ಗಡಿಯಾರ ನೋಡಿದ. "ಈಗ ಒಂದೂವರಿ. ನಾಳೆ ಮುಂಜಾನೆ ಹೊಳಿಯಪ್ಪನ್ನ ಮತ್ತ ಕೋರ್ಟಿಗೆ ಹಾಜರ್ ಮಾಡಬೇಕು. ನಮ್ಮ ಮ್ಯಾಲಿನ ಸಾಹೇಬ್ರು ರಾಣೆಬೆನ್ನೂರಾಗ ಕಾಗದಪತ್ರ ಕಾಯಾಕತ್ತಾರ. ನಾಲ್ಕಕ್ಕ ನಾ ಇಲ್ಲಿಂದ ಹೊಂಡವನ. ಒಳಗ ಏನೈತಿ ಅನ್ನೂದನ್ನ ಅಷ್ಟರಾಗ ಹೊರಗ ತಗೀತೀರೇನು?"

"ತಗೀತೇನ್ರಿ," ಎಂದಳು ಅರುಣಾ.

*

"ತಗಿಯೂದು ಬ್ರಹ್ಮನ ಕೈಲೂ ಆಗಂಗಿಲ್ಲ ಮೇಡಂ," ಎಂದ ಮ್ಯಾನೇಜರ್ ಶಶಿಕಾಂತ. ಇಸ್ತ್ರಿ ಕೆಡದ ಅಂಗಿ, ಕೆಡದ ನಗು. ಇಡೀ ಕಾರ್ಖಾನೆಯ ಮೇಲೆ ಬೆರಳಿಟ್ಟಲ್ಲೆಲ್ಲ ಕೆಂಪು ಧೂಳು ಅಂಟುತ್ತಿದ್ದರೂ ಅವನ ಕಚೇರಿಯ ಮೇಜು ಮಾತ್ರ ಕನ್ನಡಿಯಂತಿತ್ತು. "ನಿಮಗ ಸಂಶಯ ಬ್ಯಾಡ. ನಿಮ್ಮ ಕಣ್ಮುಂದನ ತೋರಸ್ತೇನಿ."

ಅವನು ಕಪಾಟಿನಿಂದ ಒಂದು ಫ್ಲಾಪಿ ತೆಗೆದು ಕಂಪ್ಯೂಟರಿಗೆ ಹಾಕಿದ. ಹೋದ ವರ್ಷ ತಂದ ಕಂಪ್ಯೂಟರ್, ಹೊಸ ವಿಂಡೋಸ್. ಪಿಎಲ್‌ಸಿಯೊಳಗಿನದನ್ನು ಓದುವ, ತಿದ್ದುವ ಸಾಫ್ಟ್‌ವೇರ್ ಆ ಫ್ಲಾಪಿಯಲ್ಲಿತ್ತು. ಹದಿನಾರು ವರ್ಷ ಹಿಂದಿನದು. ಕಪ್ಪು ಪರದೆಯ ಡಾಸ್ ಕಾಲದ್ದು.

ಫ್ಲಾಪಿ ಕರಕರ ಎಂದಿತು. ಪರದೆಯ ಮೇಲೆ ಒಂದು ಚೌಕ ಮೂಡಿತು: ಪೂರ್ತಿ ಪರದೆಯ ಕಾರ್ಯಕ್ರಮಗಳು ಇಲ್ಲಿ ನಡೆಯುವುದಿಲ್ಲ. ಶಶಿಕಾಂತ ಪಕ್ಕದ ಮೇಜಿನ ಹಳೇ ವಿಂಡೋಸಿನ ಕಂಪ್ಯೂಟರಿಗೂ ಅದನ್ನೇ ಹಾಕಿದ. ಅಲ್ಲಿ ಒಂದೇ ಸಾಲು ಬಂತು: ಸೊನ್ನೆಯಿಂದ ಭಾಗಾಕಾರ. ಅಷ್ಟೇ, ಪರದೆ ಮುಚ್ಚಿಕೊಂಡಿತು.

"ನೋಡಿದ್ರಲ್ಲ? ಸತ್ತ ಸಾಫ್ಟ್‌ವೇರ್. ಯಾವ ಕಂಪ್ಯೂಟರಿನಾಗೂ ಏಳಂಗಿಲ್ಲ. ಅದು ಏಳಂಗಿಲ್ಲಂದ್ರ ಪಿಎಲ್‌ಸಿ ಒಳಗಿಂದನ್ನ ಯಾರೂ ತಿದ್ದಾಕ ಬರಂಗಿಲ್ಲ. ತಿದ್ದಿಲ್ಲಂದ್ರ ತಪ್ಪು ಹೊರಗಿಂದು. ಹೊಳಿಯಪ್ಪ ಮುಚ್ಚಳದ ಸ್ವಿಚ್ಚಿಗೆ ವೈರ್ ಬಿಗಿದು ಗಿರಣಿಗೆ ಮೋಸ ಮಾಡ್ಯಾನ. ವೈರ್ ನಿಮ್ಮ ಕಣ್ಣಿಗೂ ಕಂಡೈತಿ."

ಮುಚ್ಚಳ ಮುಚ್ಚಿದಾಗ ಒತ್ತಿಕೊಳ್ಳುವ ಪುಟ್ಟ ಸ್ವಿಚ್ಚದು. ಅದು ಒತ್ತದಿದ್ದರೆ ಗಿರಣಿ ತಿರುಗಬಾರದು. ತಿರಕಪ್ಪ ಸತ್ತ ಮೇಲೆ ಪೊಲೀಸರು ಬಂದು ನೋಡಿದಾಗ ಅದು ಒತ್ತಿಕೊಂಡೇ ಇರುವಂತೆ ಒಂದು ತಾಮ್ರದ ವೈರು ಬಿಗಿಯಾಗಿ ಸುತ್ತಿತ್ತು.

"ಇನ್ನೊಂದು ಮಾತು," ಎಂದು ಶಶಿಕಾಂತ ಕುರ್ಚಿಗೆ ಒರಗಿದ. "ಪಿಎಲ್‌ಸಿ ತಿದ್ದಬೇಕಂದ್ರ ಅದಕ್ಕೊಂದು ಕೀಲಿ ತಿರುವಬೇಕು. ಇರೂದು ಒಂದ ಕೀಲಿ. ಅದು ಹದಿನಾರು ವರ್ಷದಿಂದ ಹೊಳಿಯಪ್ಪನ ಉಡದಾರದಾಗ ಜೋತಾಡಾಕತ್ತೈತಿ. ಹೆಂಗ ಹೊಳ್ಳಿಸಿ ನೋಡಿದ್ರೂ ಬೆರಳು ಅವನ ಕಡೇನ ತೋರಸ್ತೈತಲ್ರಿ?"

ಮಾಂತೇಶ ಅರುಣಾಳ ಮುಖ ನೋಡಿದ. ಅವಳು ಮೇಜಿನ ಮೇಲಿನ ಫ್ಲಾಪಿ ಎತ್ತಿಕೊಂಡು ಹೊರಗೆ ನಡೆದಳು.

*

ಗೇಟಿನ ಬೇವಿನ ಮರದ ಕೆಳಗೆ ಹೊಳಿಯಪ್ಪನ ಹೆಂಡತಿ ಗದಿಗೆವ್ವ ಕೂತಿದ್ದಳು. ಬುತ್ತಿಯ ಗಂಟು ಬಿಚ್ಚದೆ ಮಡಿಲಲ್ಲೇ ಇತ್ತು. ಅರುಣಾ ಅವಳೆದುರು ಕುಕ್ಕರಗಾಲಲ್ಲಿ ಕೂತಳು.

"ಕೀಲಿ ಯಾವಾಗರ ಬಿಚ್ಚಿ ಕೊಟ್ಟಿದ್ದರೇನವಾ, ಯಾರಿಗರ?"

"ಜಳಕಾ ಮಾಡಾಗೂ ಬಿಚ್ಚೂದಿಲ್ರಿ ಬಾಯಾರ. 'ತಾಳಿ ನಿನ್ನ ಕೊಳ್ಳಾಗ, ಕೀಲಿ ನನ್ನ ಸೊಂಟದಾಗ' ಅಂತ ನಗಚಾಟಿಕಿ ಮಾಡ್ತಿದ್ದ." ಸೆರಗಿನಿಂದ ಮೂಗೊರೆಸಿಕೊಂಡಳು. "ವರ್ಷಕ್ಕ ಒಂದ ದಿನ ಅಷ್ಟ. ದಸರಾದಾಗ, ಖಂಡೇಪೂಜಿ ದಿನ."

"ಖಂಡೇಪೂಜಿಗೆ?"

"ಪಾನಾ, ಇಕ್ಕಳ, ಸುತಗಿ ಎಲ್ಲಾ ಪೂಜಾಕ್ಕ ಇಡ್ತಾರಲ್ರಿ. ಕೀಲಿನೂ ಇಡ್ತಾನ. ಮಧ್ಯಾಹ್ನ ಪೂಜಾ ಆತಂದ್ರ ಮರುದಿನ ಬನ್ನಿ ಮುಡಿಯೂತನಕ ಯಾರೂ ಮುಟ್ಟಂಗಿಲ್ಲ. ಕಾರ್ಖಾನಿನೂ ಬಂದ್. ಮುಟ್ಟಿದ್ರ ಕೇಡು."

ಅರುಣಾ ಎದ್ದು ನಿಂತಳು. ಯಾರೂ ಮುಟ್ಟುವುದಿಲ್ಲ ಎಂದು ಎಲ್ಲರೂ ನಂಬಿದ ದಿನ. ಮುಟ್ಟಬೇಕೆಂದವನಿಗೆ ಅದಕ್ಕಿಂತ ಒಳ್ಳೆಯ ದಿನ ಎಲ್ಲಿತ್ತು?

*

ಪ್ಯಾನಲ್ ಕೋಣೆಯಲ್ಲಿ ಮೆಣಸಿನಕಾಯಿ ಚೀಲವೊಂದನ್ನು ಮೇಜು ಮಾಡಿಕೊಂಡು ಅವಳು ತನ್ನ ಲ್ಯಾಪ್‌ಟಾಪ್ ತೆರೆದಳು. ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿದ್ದರೂ ಘಾಟು ಗಂಟಲಿಗಿಳಿದು ಕೆಮ್ಮು ಬರಿಸುತ್ತಿತ್ತು.

ಶಶಿಕಾಂತನ ಫ್ಲಾಪಿಯ ಸಾಫ್ಟ್‌ವೇರನ್ನು ಅದಕ್ಕೆ ಹಾಕಿಕೊಂಡಳು. ಅದರಲ್ಲಿ ಆಗಲೇ ಇನ್ನೊಂದು ಫ್ಲಾಪಿಯ ಕಡತಗಳಿದ್ದವು. ನಿನ್ನೆ ಅವಳು ಐರಣಿಗೆ ಹೋಗಿದ್ದಳು, ತನಗೆ ಪಾಠ ಹೇಳಿದ ನಾಗಪ್ಪ ಮಾಸ್ತರರ ಮನೆಗೆ. ಕಾರ್ಖಾನೆ ಶುರುವಾದಾಗ ಈ ಪಿಎಲ್‌ಸಿಗೆ ಮೊದಲ ಅಕ್ಷರ ಬರೆದವರು ಅವರೇ. ಈಗ ಕಣ್ಣಿಗೆ ಪೊರೆ ಬರತೊಡಗಿ ಹೊಳೆದಂಡೆಯ ಮನೆಯಲ್ಲಿ ರೇಡಿಯೋ ಕೇಳುತ್ತ ಕೂರುತ್ತಾರೆ. ಮೂಲ ಬರಹದ ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು ಒಂದೇ ಮಾತು ಹೇಳಿದ್ದರು: "ಮೆಟ್ಟಿಲಾ ಎಣಿಸಿ ನೋಡವಾ."

ಪಿಎಲ್‌ಸಿಯ ಬರಹ ನೋಡಲು ಏಣಿಯಂತಿರುತ್ತದೆ. ಒಂದೊಂದು ಮೆಟ್ಟಿಲೂ ಒಂದೊಂದು ಅಪ್ಪಣೆ.

"ಶಶಿಕಾಂತ ಸಾಹೇಬ್ರು ಹೇಳಿದ್ದು ಸುಳ್ಳಲ್ಲ," ಎಂದು ಅವಳು ಮಾಂತೇಶನಿಗೆ ವಿವರಿಸಿದಳು. "ಈ ಸಾಫ್ಟ್‌ವೇರ್ ಎದ್ದ ಕೂಡಲೇ ಮೊದಲು ಕಂಪ್ಯೂಟರಿನ ನಾಡಿ ಹಿಡಿದು ನೋಡ್ತೈತ್ರಿ, ಎಷ್ಟು ಜೋರು ಐತಿ ಅಂತ. ಇದನ್ನ ಬರೆದ ಕಾಲಕ್ಕ ಕಂಪ್ಯೂಟರ್ ಎತ್ತಿನ ಬಂಡಿ. ಈಗಿನ ನಾಡಿ ಹಿಡಿದ್ರ ಅದಕ್ಕ ಎಣಿಸಾಕನ ಆಗೂದಿಲ್ಲ. ಲೆಕ್ಕ ತಪ್ಪಿ ಬೀಳ್ತೈತಿ."

"ಹಂಗಾರ ಬಂಡಿ ಹುಡುಕಬೇಕಲ್ರಿ?"

"ಬಂಡಿ ಒಳಗ ಕಟ್ಟೇನ್ರಿ."

ಅವಳು ಪರದೆಯ ಮೇಲಿನ ಪುಟ್ಟ ಚಿತ್ರವೊಂದನ್ನು ಒತ್ತಿದಳು. ಹೊಸ ಪರದೆಯ ನಟ್ಟನಡುವೆ ಕಪ್ಪು ಕಿಟಕಿಯೊಂದು ತೆರೆಯಿತು. ಕಿಟಕಿಯಲ್ಲ, ಅದೊಂದು ಇಡೀ ಕಂಪ್ಯೂಟರ್. ಹದಿನಾರು ವರ್ಷ ಹಿಂದಿನ ಯಂತ್ರವೊಂದು ಕಬ್ಬಿಣವಿಲ್ಲದೆ, ತಂತಿಯಿಲ್ಲದೆ, ಬರೀ ಲೆಕ್ಕದಿಂದ ಹುಟ್ಟಿ ಹೊಸ ಯಂತ್ರದ ಹೊಟ್ಟೆಯಲ್ಲಿ ಉಸಿರಾಡುತ್ತಿತ್ತು. ತಾನು ಇನ್ನೊಂದರ ಒಳಗಿದ್ದೇನೆಂಬುದು ಅದಕ್ಕೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಹತ್ತು ಸಲ ನೋಡಿದ್ದರೂ ಅರುಣಾಳಿಗೆ ಪ್ರತಿ ಸಲವೂ ತುಂಬಿದ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟಂತಾಗುತ್ತಿತ್ತು.

ಸಾಫ್ಟ್‌ವೇರ್ ಎಬ್ಬಿಸಿದಳು. ಸೊನ್ನೆಯಿಂದ ಭಾಗಾಕಾರ. ಬಿದ್ದಿತು.

ಕೀಬೋರ್ಡಿನ ಎರಡು ಗುಂಡಿ ಒತ್ತಿ ಒಳಗಿನ ಯಂತ್ರದ ವೇಗ ಇಳಿಸಿದಳು. ಮತ್ತೆ ಬಿದ್ದಿತು. ಇನ್ನೂ ಇಳಿಸಿದಳು. ಓಡುವ ಕುದುರೆಗೆ ನಡೆಯಲು ಕಲಿಸಿದಂತೆ, ಸಾವಕಾಶ, ಸಾವಕಾಶ. ಏಳನೆಯ ಸಲ ಪರದೆ ತುಂಬ ನೀಲಿ ಹರಡಿತು. ಮೇಲೊಂದು ಹಳದಿ ಪಟ್ಟಿ.

"ಎದ್ದಿತಲ್ರಿ!" ಮಾಂತೇಶ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಗುಡಿಯೊಳಗೆ ಬಂದವನಂತೆ.

ಆದರೆ ಎದ್ದರೆ ಸಾಲದು, ಅದು ಪಿಎಲ್‌ಸಿಯ ಜೊತೆ ಮಾತಾಡಬೇಕಿತ್ತು. ಲ್ಯಾಪ್‌ಟಾಪಿಗೆ ಪಿಎಲ್‌ಸಿಯ ವೈರು ಸಿಕ್ಕಿಸುವ ಹಳೆಯ ನಮೂನೆಯ ಸಂದೇ ಇರಲಿಲ್ಲ. ಗೇಣುದ್ದದ ವೈರೊಂದನ್ನು ನಡುವೆ ಹಾಕಿದ್ದಳು. ವಿಂಡೋಸ್ ಅದಕ್ಕೆ ಐದನೆಯ ಬಾಗಿಲೆಂದು ಹೆಸರಿಟ್ಟಿತ್ತು. ಹಳೆಯ ಸಾಫ್ಟ್‌ವೇರಿಗೆ ಲೋಕದಲ್ಲಿ ಎರಡೇ ಬಾಗಿಲು ಗೊತ್ತು. ಐದನೆಯದನ್ನೇ ಒಂದನೆಯದೆಂದು ತೋರಿಸು ಎಂದು ಅವಳು ಒಂದು ಸಾಲು ಬರೆದಳು.

ಉತ್ತರವಿಲ್ಲ.

ಮತ್ತೆ. ಉತ್ತರವಿಲ್ಲ. ಗಡಿಯಾರದಲ್ಲಿ ಎರಡೂ ಐವತ್ತು. ಯುಪಿಎಸ್ ಎಲ್ಲೋ ಒಮ್ಮೆ ಕೀಂಯ್ ಎಂದಿತು. ಅವಳು ಪರದೆಗೆ ಇನ್ನೂ ಹತ್ತಿರ ಬಾಗಿದಳು. ನಾನೇ ಅತಿ ನಿಧಾನ ಮಾಡಿದೆನೇ? ಪಿಎಲ್‌ಸಿ ಮಾತಾಡಿ ಮುಗಿಸಿದ ಮೇಲೆ ಇದು ಕಿವಿಗೊಡುತ್ತಿದೆಯೇ? ಬೀಳದಷ್ಟು ನಿಧಾನ, ಕೇಳುವಷ್ಟು ಚುರುಕು. ನಡುವೆ ಕೂದಲೆಳೆಯಷ್ಟು ಜಾಗ. ಅವಳು ಒಂದೇ ಒಂದು ಹೆಜ್ಜೆ ವೇಗ ಏರಿಸಿದಳು.

ಪಿಎಲ್‌ಸಿಯ ಮೇಲೆ ಹಸಿರು ಚುಕ್ಕಿಯೊಂದು ಮಿಟುಕಿತು. ಮತ್ತೆ ಮಿಟುಕಿತು.

ನೀಲಿ ಪರದೆಯ ಮೇಲೆ ಏಣಿ ಮೂಡತೊಡಗಿತು. ಒಂದು ಮೆಟ್ಟಿಲು, ಎರಡು, ಮೂರು. ಮೋಟಾರು, ಬೀಸಣಿಕೆ, ಜರಡಿ, ಎಲ್ಲವೂ ಗೆರೆಗಳಾಗಿ ಕೆಳಗಿನಿಂದ ಎದ್ದುಬರುತ್ತಿದ್ದವು. ಈ ಕಾರ್ಖಾನೆಯಲ್ಲಿ ಹದಿನಾರು ಸುಗ್ಗಿಯ ಮೆಣಸಿನಕಾಯಿಯನ್ನು ಪುಡಿಮಾಡಿದ್ದು ಈ ಗೆರೆಗಳು. ಯಾರೂ ನೋಡದಿದ್ದರೂ ಸೆಕೆಂಡಿಗೆ ಹತ್ತಾರು ಸಲ, ಹಗಲಿರುಳು, ತಮ್ಮನ್ನು ತಾವೇ ಓದಿಕೊಳ್ಳುತ್ತ ನಿಂತಿದ್ದವು. ಅರುಣಾ ಕೆಮ್ಮುವುದನ್ನೂ ಮರೆತಳು.

ಮೊದಲ ಮೆಟ್ಟಿಲು ಕಂಡು ಅವಳಿಗೆ ನಗು ಬಂತು. ಅದು ಏನೂ ಮಾಡದ ಮೆಟ್ಟಿಲು: ನೂರಾ ಎಂಟು ಎಂಬ ಒಂದು ಸಂಖ್ಯೆ, ಎಂದೂ ಹತ್ತದ ಒಂದು ದೀಪ. ನಾಗಪ್ಪ ಮಾಸ್ತರರ ರೂಢಿ. ಹಾಳೆಯ ಮೇಲೆ ಶ್ರೀಕಾರ ಹಾಕದೆ ಅಕ್ಷರ ಬರೆಯಬಾರದು, ಯಂತ್ರಕ್ಕೂ ಅಷ್ಟೇ ಎನ್ನುತ್ತಿದ್ದರು. ಇಡೀ ತರಗತಿ ಮುಸಿಮುಸಿ ನಗುತ್ತಿತ್ತು. ಬೇರೆ ಯಾರೂ ಹಾಗೆ ಬರೆದದ್ದನ್ನು ಅವಳು ಕಂಡಿಲ್ಲ.

"ಯಾ ಅಲ್ಲಾ!"

ಬಾಗಿಲಲ್ಲಿ ವೇಬ್ರಿಜ್ಜಿನ ಮಲ್ಲಿಕಸಾಬ ನಿಂತಿದ್ದ. ಅಂಗಳಕ್ಕೆ ಬರುವ ಮೆಣಸಿನಕಾಯಿ ಲಾರಿಗಳನ್ನು ತೂಗಿ ಚೀಟಿ ಹರಿಯುವವನು. ಚಹಾ ತಂದಿದ್ದ. ಕಪ್ಪುಗಳು ತಟ್ಟೆಯಲ್ಲಿ ಕಿಣಿಕಿಣಿ ಎನ್ನುತ್ತಿದ್ದವು.

"ಏನಾತೋ ಮಾಮಾ?" ಎಂದ ಮಾಂತೇಶ.

"ಏನಿಲ್ಲ ಸಾಹೇಬ್ರ. ಘಾಟು."

"ಹದಿನಾರು ವರ್ಷ ಹತ್ತದ ಘಾಟು ಇವತ್ತ ಹತ್ತೇತೇನು?"

ಮುದುಕ ನೀಲಿ ಪರದೆಯಿಂದ ಕಣ್ಣು ಕೀಳಲಿಲ್ಲ. ಅರುಣಾ ಎದ್ದು ಅವನ ಕೈಯಿಂದ ತಟ್ಟೆ ಇಸಿದುಕೊಂಡಳು. "ಮಾಮಾ, ಈ ನೀಲಿ ಪರದೆ ನೀವು ಮೊದಲ ನೋಡೀರಿ. ಹೌದಲ್ಲೋ?"

ಮುದುಕ ಕೂತು ತಲೆಯ ರುಮಾಲು ಬಿಚ್ಚಿದ.

"ನೋಡೇನಿ ತಂಗಿ. ಬನ್ನಿ ಮುಡಿಯೂ ದಿನ ಮುಂಜಾನೆ. ನನ್ನ ಕಂಪ್ಯೂಟರಿನ ಮ್ಯಾಲೆ. ಹಿಂದಿನ ದಿನ ನಾನ ಅದಕ್ಕ ಕುಂಕುಮ ಹಚ್ಚಿ, ಕಾಯಿ ಒಡದು, ಬಂದ್ ಮಾಡಿ ಮನಿಗೆ ಹೋಗಿದ್ದೆ. ಮರುದಿನ ಬಂದ್ರ ತಾನ ಹತ್ತಿತ್ತು. ಇದ ನೀಲಿ. ಇದ ಹಳದಿ ಪಟ್ಟಿ."

"ಯಾಕ ಹೇಳಲಿಲ್ಲ?" ಮಾಂತೇಶನ ದನಿ ಏರಿತು.

"ಹೆಂಗ ಹೇಳ್ಲಿ? ಪೂಜಾ ಮಾಡಿದ ಮಶೀನು ಯಾರೋ ಮುಟ್ಯಾರ ಅಂದ್ರ, ಮೊದಲ ಹೆಸರು ಯಾರದು ಬರತಿತ್ತು? 'ಸಾಬ ಪೂಜಾ ಕೆಡಿಸಿದ' ಅಂತ ಒಬ್ಬ ಅಂದ್ರೂ ಸಾಕಲ್ಲ. ಬಂದ್ ಮಾಡಿ ಸುಮ್ನ ಕುಂತೆ. ತಿರಕಪ್ಪ ಸತ್ತ ಮ್ಯಾಲಂತೂ ಬಾಯಿಗೆ ಹೊಲಿಗಿ ಹಾಕ್ಕೊಂಡೆ."

ಅರುಣಾ ಗೋಡೆಯ ಕಡೆ ನೋಡಿದಳು. ಪ್ಯಾನಲ್ ಕೋಣೆಗೂ ವೇಬ್ರಿಜ್ಜಿನ ಕೋಣೆಗೂ ನಡುವೆ ಒಂದೇ ಗೋಡೆ. ಅದರಲ್ಲಿ ಮುಷ್ಟಿಯಷ್ಟು ದೊಡ್ಡದೊಂದು ಕಿಂಡಿ, ಗೋಣಿಚೂರು ತುರುಕಿದ್ದು. ಒಂದು ವೈರು ಆಚೆ ದಾಟಿಸಲು ಧಾರಾಳ.

*

ವೇಬ್ರಿಜ್ಜಿನ ಕಂಪ್ಯೂಟರ್ ಹಳದಿಗಟ್ಟಿತ್ತು. ಅದರ ಮೇಲಿನ ಕುಂಕುಮದ ಬೊಟ್ಟು ಇನ್ನೂ ಅಳಿಸಿರಲಿಲ್ಲ. ಸತ್ತ ಸಾಫ್ಟ್‌ವೇರ್ ಏಳಲು ಯಾವ ಮಾಯೆಯೂ ಬೇಡದ ಯಂತ್ರ. ಅದೇ ಕಾಲದ್ದು, ಅದೇ ನಾಡಿಯದ್ದು. ತೂಕದ ಚೀಟಿಯಷ್ಟನ್ನೇ ಕೇಳುತ್ತಿದ್ದುದರಿಂದ ಯಾರೂ ಅದನ್ನು ಕಂಪ್ಯೂಟರ್ ಎಂದೇ ಎಣಿಸಿರಲಿಲ್ಲ.

ಅರುಣಾ ಕಡತಗಳ ಪಟ್ಟಿ ತೆರೆದಳು. ತೂಕದ ಸಾವಿರಾರು ಸಾಲುಗಳ ನಡುವೆ ಏಣಿಯ ಬರಹದ ಕಡತವೊಂದಿತ್ತು. ಅದರ ತಾರೀಖು ಒಂದು ಜನವರಿ ಸಾವಿರದ ಒಂಬೈನೂರಾ ಎಂಬತ್ತು.

"ಎಂಬತ್ತರಾಗ ಈ ಕಾರ್ಖಾನಿ ಎಲ್ಲಿತ್ರಿ? ನಾನ ತೊಟ್ಟಲಾಗಿದ್ದೆ," ಎಂದ ಮಾಂತೇಶ.

ಮಲ್ಲಿಕಸಾಬನ ಮುಖ ಅರಳಿತು. "ಇದರ ಗಡಿಯಾರ ಸತ್ತು ಹತ್ತು ವರ್ಷಾತ್ರಿ. ಬಂದ್ ಮಾಡಿ ಹಚ್ಚಿದ್ರ ಎಂಬತ್ತಕ್ಕ ಹೋಗಿ ಕುಂದರತೈತಿ. ಅದಕ್ಕ ನಾ ದಿನಾ ಮುಂಜಾನೆ ಮೊದಲ ತಾರೀಖ ಹೊಡೀತೇನಿ. ಒಂದ ದಿನ ತಪ್ಪಿಲ್ಲ. ಚೀಟಿ ಮ್ಯಾಲೆ ತಪ್ಪು ತಾರೀಖ ಬಂದ್ರ ರೈತರು ಬಿಟ್ಟಾರೇನು?"

"ಅಂದ್ರ, ಇದನ್ನ ಹಚ್ಚಿದಾವಗ ನಿಮ್ಮ ರೂಢಿ ಗೊತ್ತಿರಲಿಲ್ಲ," ಎಂದಳು ಅರುಣಾ. "ನೀವಲ್ಲ ಮಾಮಾ. ಹೊಳಿಯಪ್ಪನೂ ಅಲ್ಲ. ದಿನಾ ನಿಮ್ಮ ಜೋಡಿ ಚಹಾ ಕುಡಿಯವಗ ಅದು ಗೊತ್ತಿರತಿತ್ತು."

*

ಮೂರೂವರೆಗೆ ಶಶಿಕಾಂತ ಪ್ಯಾನಲ್ ಕೋಣೆಗೆ ಬಂದ. ನೀಲಿ ಪರದೆ ಕಂಡು ಹೊಸ್ತಿಲಲ್ಲೇ ನಿಂತ. ನಗು ಇತ್ತು, ಆದರೆ ಮುಖದ ಮೇಲೆ ಮರೆತುಹೋದ ವಸ್ತುವಿನಂತೆ.

"ಏಳಂಗಿಲ್ಲ ಅಂದಿದ್ರಿ," ಎಂದಳು ಅರುಣಾ.

"ಅದು... ನಂಗ ಗೊತ್ತಿರೂ ಮಟ್ಟಿಗೆ..."

"ಮಾಸ್ತರರ ಮೂಲ ಬರಹದಾಗ ನಲವತ್ತೊಂದು ಮೆಟ್ಟಿಲು. ಈ ಪಿಎಲ್‌ಸಿ ಒಳಗ ನಲವತ್ತಮೂರು. ಕಡೇ ಮೆಟ್ಟಿಲು ಓದ್ತೇನಿ, ಕೇಳ್ರಿ. 'ಮುಚ್ಚಳ ತೆರೆದಿರಲಿ, ಮುಚ್ಚಿರಲಿ, ಮುಚ್ಚೇತಿ ಅಂತನ ತಿಳಿ.' ಸ್ವಿಚ್ಚಿಗೆ ವೈರ್ ಬಿಗಿಯೂ ಅವಶ್ಯಕತೀನ ಇರಲಿಲ್ಲ. ಗಿರಣಿ ಮೊದಲ ಕುರುಡಾಗಿತ್ತು."

"ವೈರ್ ಇತ್ತಲ್ಲ ಮೇಡಂ! ಪೊಲೀಸರು ಫೋಟೋ ತಗದಾರ."

"ತಗದಾರ್ರಿ. ಅದನ್ನ ನೋಡೇ ಹೇಳಾಕತ್ತೇನಿ." ಅವಳು ತನ್ನ ಕೈಚೀಲದಿಂದ ಪೊಲೀಸರ ಫೋಟೋ ತೆಗೆದು ಅವನ ಮುಂದೆ ಹಿಡಿದಳು. "ಇಡೀ ಕಾರ್ಖಾನಿ ಕೆಂಪು. ಸ್ವಿಚ್ ಕೆಂಪು. ವೈರ್ ಮಾತ್ರ ಹೊಸ ಮದಲಿಂಗನಂಗ ಥಳಥಳ. ಧೂಳು ವೈರಿನ ಮ್ಯಾಲಿಲ್ಲ, ಅದರ ಕೆಳಗೈತಿ. ತಿರಕಪ್ಪ ಬಿದ್ದ ಮ್ಯಾಲೆ, ಪೊಲೀಸರು ಬರೂದರೊಳಗ, ಇದನ್ನ ಯಾರೋ ಸುತ್ಯಾರ. ಹೊಳಿಯಪ್ಪ ಅಷ್ಟೊತ್ತಿಗೆ ಹೆಣದ ಕೂಡ ಆಸ್ಪತ್ರೆ ಗಾಡಿಯಾಗಿದ್ದ."

ಶಶಿಕಾಂತ ಫೋಟೋವನ್ನು ಪಕ್ಕಕ್ಕೆ ಸರಿಸಿದ.

ಹಿಂದಿನಿಂದ ಮಲ್ಲಿಕಸಾಬ ಮೆಲ್ಲಗೆ ಅಂದ: "ನಮ್ಮ ಸಾಹೇಬ್ರು ಬ್ಯಾಡಗಿ ಕಾಯಿ ಇದ್ದಂಗ. ಬಣ್ಣ ಭಾಳ. ಖಾರ ನೋಡಿದ್ರ ಇಲ್ಲ."

ಶಶಿಕಾಂತನ ಇಸ್ತ್ರಿಯಂಗಿ ಕಂಕುಳಲ್ಲಿ ಕಪ್ಪಗಾಗಿತ್ತು. "ನಾ ಯಾರನ್ನೂ ಸಾಯಿಸಿಲ್ಲ," ಎಂದ. "ಆ ಸ್ವಿಚ್ಚಿನಾಗ ಧೂಳು ಹೋಗಿ ತಾಸಿಗೊಮ್ಮೆ ಗಿರಣಿ ನಿಲ್ಲತಿತ್ತು. ಹೊಸ ಸ್ವಿಚ್ ಬರೂತನಕ ಅಂತ ಮಾಡಿಸಿದ್ದು. ಎಂಟು ದಿನದ ಮಾತು. ಸ್ವಿಚ್ ಬಂತು, ಹಾಕಿದ್ವಿ. ಮೆಟ್ಟಿಲು ತಗಿಸೂದು ಮರತಹೋತು. ಮೂರು ತಿಂಗಳ ಏನೂ ಆಗಲಿಲ್ಲ. ವೈರ್... ವೈರ್ ನಾನ ಸುತ್ತಿದೆ. ಹೆದರಿಕಿ ಆಗಿತ್ತು."

ಮೂರು ತಿಂಗಳು ಯಾರ ಕೈಯೂ ಒಳಗಿರಲಿಲ್ಲ, ಅಷ್ಟೇ.

"ಮಾಡಿಸಿದ್ದು ಅಂದ್ರಿ," ಮಾಂತೇಶ ಒಂದು ಹೆಜ್ಜೆ ಮುಂದೆ ಬಂದ. "ಮಾಡಿದವರು ಯಾರು?"

"ನಂಗ ಅದರಾಗಿನ ಒಂದ ಗೆರಿ ಬರಂಗಿಲ್ಲ."

"ಅದನ್ನ ಕೇಳಲಿಲ್ಲ. ಯಾರು?"

ಶಶಿಕಾಂತ ಬಾಯಿ ತೆರೆದ, ಅರುಣಾಳ ಕಡೆ ಒಮ್ಮೆ ನೋಡಿದ, ಮುಚ್ಚಿದ. "ವಕೀಲರು ಬರೂತನಕ ನಾ ಹೆಸರು ಹೇಳೂದಿಲ್ಲ."

ಯಾಕೆ ನನ್ನನ್ನು ನೋಡಿದ? ಅರುಣಾ ಅದನ್ನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಮಾಂತೇಶ ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಮೇಡಂ, ಇಷ್ಟಕ್ಕ ಹೊಳಿಯಪ್ಪ ಬಿಡುಗಡಿ ಆಗಂಗಿಲ್ಲ. ನಾಳೆ ಇವರು 'ಹೊಳಿಯಪ್ಪನ ಯಾರನ್ನೋ ಕರಕೊಂಡು ಬಂದಿದ್ದ, ಕೀಲಿ ಕೊಟ್ಟಿದ್ದ' ಅಂತ ತಿರುವಿ ಹೇಳ್ತಾರ. ಬರೆದ ಕೈ ಬೇಕು. ಹತ್ತು ನಿಮಿಷ ಐತಿ. ಏನರ ಗುರತು ಸಿಗತೈತೇನು ನೋಡ್ರಿ."

ಬರೆದ ಕೈ. ಗೆರೆಗಳಿಗೆ ಕೈಬರಹ ಎಲ್ಲಿಂದ ಬರಬೇಕು? ಅವಳು ಲ್ಯಾಪ್‌ಟಾಪಿನ ಎದುರು ಮತ್ತೆ ಕೂತಳು. ನಲವತ್ತಮೂರನೆಯ ಮೆಟ್ಟಿಲನ್ನು ಹಿಂದೆಮುಂ‍ದೆ ಓದಿದಳು. ಚೊಕ್ಕ ಕೆಲಸ. ಒಂದು ಗೆರೆಯೂ ಹೆಚ್ಚಿಲ್ಲ.

ನಲವತ್ತೊಂದು. ನಲವತ್ತಮೂರು.

*ಮೆಟ್ಟಿಲಾ ಎಣಿಸಿ ನೋಡವಾ.*

ಎರಡು ಮೆಟ್ಟಿಲು ಹೆಚ್ಚಾಗಿದ್ದವು. ಅವಳು ಓದಿದ್ದು ಒಂದನ್ನೇ. ಕೊಂದದ್ದು ನಲವತ್ತಮೂರನೆಯದಾದ್ದರಿಂದ ನಲವತ್ತೆರಡನೆಯದರ ಕಡೆ ಅವಳ ಕಣ್ಣೇ ಹೋಗಿರಲಿಲ್ಲ.

ಅವಳು ಪರದೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ಸರಿಸಿದಳು.

ನೂರಾ ಎಂಟು. ಎಂದೂ ಹತ್ತದ ಒಂದು ದೀಪ. ಏನೂ ಮಾಡದ ಮೆಟ್ಟಿಲು.

ಹೊಸದಾಗಿ ಏನೇ ಬರೆದರೂ ಮೇಲೊಂದು ಶ್ರೀಕಾರ.

ಘಾಟಿರಲಿಲ್ಲ, ಶಬ್ದವಿರಲಿಲ್ಲ, ಕೋಣೆ ಎಲ್ಲೋ ದೂರ ಸರಿದಂತಾಯಿತು. ಅವಳು ಮೂಲ ಫ್ಲಾಪಿಯ ಬರಹ ತೆರೆದಳು. ಅಲ್ಲಿ ಮೆಟ್ಟಿಲುಗಳ ಪಕ್ಕದಲ್ಲಿ ಮಾಸ್ತರರ ಟಿಪ್ಪಣಿಗಳಿದ್ದವು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಗಿರಣಿ ತಿರುಗುವ ಮೆಟ್ಟಿಲಿನ ಪಕ್ಕದಲ್ಲಿ ಹದಿನಾರು ವರ್ಷದ ಹಿಂದೆ ಅವರು ಬರೆದಿದ್ದರು: *ಮೊದಲ ಮುಚ್ಚಳ ನೋಡು. ಯಾರದರ ಕೈ ಒಳಗ ಇದ್ದೀತು.*

ಅದನ್ನು ಬರೆದ ಕೈ. ಇದನ್ನೂ ಬರೆದ ಕೈ.

"ಸಿಕ್ಕಿತೇನ್ರಿ?" ಮಾಂತೇಶ ಜೇಬಿನಿಂದ ಪೆನ್ನು ತೆಗೆದಿದ್ದ. ಬಾಗಿಲಾಚೆ ಪೇದೆ ಮೇಣದಬತ್ತಿ ಹಚ್ಚಿ ಅರಗು ಕಾಯಿಸುತ್ತಿದ್ದ. ಅದರಾಚೆ, ಬೇವಿನ ಮರದ ಕೆಳಗೆ ಗದಿಗೆವ್ವ ಎದ್ದು ನಿಂತು ಇತ್ತಲೇ ನೋಡುತ್ತಿದ್ದಳು. "ಹೆಸರು ಹೇಳ್ರಿ, ಬರಕೊಳ್ತೇನಿ."

ಚೀಲದ ಮೇಲಿಟ್ಟಿದ್ದ ಅರುಣಾಳ ಮೊಬೈಲು ಗುಂಯ್‌ಗುಡುತ್ತ ಮೆಣಸಿನಪುಡಿಯಲ್ಲಿ ತನ್ನಷ್ಟಕ್ಕೆ ಸರಿಯತೊಡಗಿತು. ಐರಣಿಯ ನಂಬರು.

ಅವಳು ಕಿವಿಗೆ ಹಿಡಿದಳು. ಮೊದಲು ರೇಡಿಯೋದ ದನಿ, ಅದರ ಹಿಂದೆ ಹೊಳೆಯ ಗಾಳಿ. ಆಮೇಲೆ, ತರಗತಿಯಲ್ಲಿ ಹಾಜರಿ ಕೂಗುತ್ತಿದ್ದ ಅದೇ ಸಮಾಧಾನದ ದನಿ.

"ಎಣಿಸಿದೇನವಾ, ಅರುಣಾ?"